ತಟ್ಟೆಯ ಕೊನೆಯ ತುಂಡು

ಕೆಟಲಿನ ಮೂತಿಯಿಂದ ಕಾಫಿಯ ಒಂದು ಹನಿ ಮೇಜುಬಟ್ಟೆಯ ಮೇಲೆ ಬಿತ್ತು, ಹರಡಿತು, ಎಬ್ಬಾ ಅದನ್ನೇ ನೋಡುತ್ತ ಕೂತಳು, ಒರೆಸಬೇಕು, ಆದರೆ ಈಗ ಎದ್ದರೆ ಎದುರಿಗೆ ಕೂತ ತೋರ್ಕಿಲ್ ತಾನೂ ಏಳುತ್ತಾನೆ, ಮೊಣಕಾಲ ಮೇಲಿನ ಟೋಪಿ ತಲೆಗೇರುತ್ತದೆ, ಹೊರಟೇಬಿಡುತ್ತಾನೆ, ನಾಳೆ ಬೆಳಿಗ್ಗೆ ಅವನ ಹಳದಿ ಮನೆ ಕೊಳ್ಳಲು ಕೋಪನ್‌ಹೇಗನ್ನಿನವರು ಬರುತ್ತಾರೆ, ಸಹಿ ಬಿದ್ದರೆ ಮುಗಿಯಿತು, ಅವನು ವಿಬೋರ್ಗಿಗೆ, ಮಗಳ ಮನೆಯ ಪಕ್ಕಕ್ಕೆ, ಅಲೆಯ ಸದ್ದೇ ಕೇಳದ ಊರಿಗೆ — ಹನಿ ಹರಡಿದರೆ ಹರಡಲಿ. ಹನಿಯ ಆಚೆ ತಟ್ಟೆ, ತಟ್ಟೆಯಲ್ಲಿ ತೆಂಗಿನತುರಿಯ ಕೇಕಿನ ಒಂದೇ ಒಂದು ತುಂಡು, ಇಬ್ಬರೂ ಅದನ್ನು ನೋಡದ ಹಾಗೆ ನೋಡುತ್ತಿದ್ದಾರೆ, ಈ ಕರಾವಳಿಯಲ್ಲಿ ಕೊನೆಯ ತುಂಡಿಗೆ ತಾನಾಗಿ ಕೈಹಾಕುವವರುಂಟೇ, ಬೇಡ ಅನ್ನಬೇಕು, ಇನ್ನೊಮ್ಮೆ ಕೇಳಿದಾಗಲೂ ಬೇಡ ಅನ್ನಬೇಕು, ಮೂರನೆಯ ಸಲಕ್ಕೆ ಹಾಗಾದ್ರೆ ಚೂರೇ ಚೂರು ಅನ್ನಬೇಕು, ಅಷ್ಟೂ ತಿಳಿಯದವರನ್ನು ಅಮ್ಮ ಮತ್ತೆ ಕಾಫಿಗೆ ಕರೆದವಳಲ್ಲ. ಈಗಷ್ಟೇ ಅವನು ಅಂದದ್ದೇನು, ಕಿಟಕಿಯ ಕಡೆ ಮುಖಮಾಡಿ, ಸಮುದ್ರಕ್ಕೆ ಹೇಳುವವನ ಹಾಗೆ, ಬೆಳಿಗ್ಗೆ ಹೊತ್ತೂ ಜೊತೇಲಿ ಕೂತು ಕಾಫಿ ಕುಡಿಯೋರು ಯಾರಾದ್ರೂ ಇದ್ದಿದ್ರೆ, ಆ ಮನೆ ಮಾರೋ ಯೋಚನೆ ಬರ್ತಾನೇ ಇರ್ಲಿಲ್ವೇನೋ ಎಬ್ಬಾ. ಎಷ್ಟು ಚೆಂದ ಕೇಳಿದ, ಎಲ್ಲೂ ಅವಳ ಕೈ ಹಿಡಿದೆಳೆಯದೆ, ಇಲ್ಲ ಅನ್ನಲು ದಾರಿ ಪೂರಾ ಬಿಟ್ಟುಕೊಟ್ಟು, ಹೆಂಡತಿ ಬೋದಿಲ್ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಇದೇ ಕುರ್ಚಿಗೆ ಬಂದು ಕೂತು ಕೊನೆಗೆ ಇವತ್ತು ಬಾಯಿಬಿಟ್ಟ. ಮತ್ತೆ ಅವಳು ಅಂದದ್ದು, ಇದ್ದಿದ್ರೆ ಚೆನ್ನಾಗೇ ಇರ್ತಿತ್ತು, ಆದ್ರೆ ಅಲ್ಲಿ ನಿನ್ನ ಮಗಳು ಕಾಯ್ತಿರ್ತಾಳಲ್ಲ. ಅದು ಮೊದಲನೆಯ ಬೇಡ.

ಹೀಗೆ ಕೇಳುವುದನ್ನು ಅಮ್ಮನನ್ನು ನೋಡಿ ಕಲಿಯಬೇಕಿತ್ತು, ಅಂಗಡಿಯ ಗಲ್ಲಾದ ಹಿಂದೆ ಅಮ್ಮ ಕಿರ್ಸ್ತೀನೆ, ಬಿಳಿ ಏಪ್ರನ್, ಬಾಗಿಲು ಹಾರುಹೊಡೆದು ಒಳಬರುವ ಮೀನುಗಾರರು, ಬಾಗಿಲು ಹಾಕಿ ಅಂತ ಆಕೆ ಜನ್ಮದಲ್ಲಿ ಅಂದವಳಲ್ಲ, ಆ ಬಾಗ್ಲು ಮುಚ್ಚಿದ್ದಿದ್ರೆ ಪಾಪ ಈ ಬೆಣ್ಣೆಗೆ ಮರಳು ಬೀಳ್ತಿರ್ಲಿಲ್ಲ ಅಂತ ಬೆಣ್ಣೆಗೇ ಸಮಾಧಾನ ಹೇಳುವವಳ ಹಾಗೆ, ಅಷ್ಟೇ, ಎತ್ತಿನಂಥ ಗಂಡಸರು ನಾನು ತಾನು ಅಂತ ಎದ್ದು ಹೋಗಿ ಬಾಗಿಲು ಮುಚ್ಚುತ್ತಿದ್ದರು, ರಾಣಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು. ಅದನ್ನೇ ಎಬ್ಬಾ ಜೀವಮಾನವೆಲ್ಲ ಪಾಠ ಮಾಡಿದಳು, ಹೊರದೇಶಗಳಿಂದ ಬಂದವರಿಗೆ, ನೋಡಿ ನಮ್ಮ ಭಾಷೇಲಿ ದಯವಿಟ್ಟು ಅನ್ನೋದಕ್ಕೆ ಒಂದು ಮಾತಿಲ್ಲ, ಅದರ ಬದಲು ಕೇಳೋದನ್ನ ಒಂದು ಹೆಜ್ಜೆ ಹಿಂದಕ್ಕೆ ಇಡ್ತೀವಿ, ಉಪ್ಪು ಕೊಡೋಕೆ ಆಗ್ತಿತ್ತಾ, ಬರೋಕೆ ಮನಸ್ಸಿತ್ತಾ, ಆಗಿಹೋದ ಸಂಗತಿಯ ಹಾಗೆ. ಎರಿಟ್ರಿಯದ ಸೆಮಿರಾ ಕೈಯೆತ್ತಿದಳು, ಟೀಚರ್, ನನಗೆ ಉಪ್ಪು ಈಗ ಬೇಕು, ನಿನ್ನೆ ಅಲ್ಲ, ಕ್ಲಾಸಿಗೆ ಕ್ಲಾಸೇ ನಕ್ಕಿತು, ಎಬ್ಬಾಳೂ ನಕ್ಕಳು, ಹೀಗೆ ಕೇಳಿದ್ರೆ ಇಲ್ಲ ಅನ್ನೋರಿಗೂ ನೋವಾಗಲ್ಲ ಸೆಮಿರಾ, ಕೇಳಿದೋರಿಗೂ ನೋವಾಗಲ್ಲ, ಆ ಹುಡುಗಿ ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಯೋಚಿಸಿ, ಹಾಗಾದ್ರೆ ಉಪ್ಪೂ ಸಿಗಲ್ಲ ಟೀಚರ್ ಅಂದಳು. ಎಷ್ಟು ಸಲೀಸಾಗಿ ಅಂದುಬಿಟ್ಟಳು. ಉಪ್ಪು, ಉಪ್ಪುಗಾಳಿ, ಮರಳುದಿಬ್ಬದ ಒರಟು ಹುಲ್ಲು, ತೋರ್ಕಿಲ್‌ನ ಸ್ವೆಟರಿಗೆ ಬಂಗುಡೆಯ ವಾಸನೆ, ಆಗಿನ್ನೂ ಅವನ ಗಡ್ಡ ಕೂಡ ನೆಟ್ಟಗೆ ಬಂದಿರಲಿಲ್ಲ, ಅವತ್ತೂ ಸಮುದ್ರವನ್ನೇ ನೋಡುತ್ತ, ನನಗೊಂದು ಮನೆ ಅಂತ ಇದ್ದಿದ್ರೆ, ಹಳದಿ ಬಣ್ಣದ್ದು ಅಂತಿಟ್ಕೋ, ಅದ್ರಲ್ಲಿ ನೀನೂ ಇದ್ದಿದ್ರೆ ಕೆಟ್ಟದಾಗೇನೂ ಇರ್ತಿರ್ಲಿಲ್ಲ — ಈ ಸೀಮೆಯಲ್ಲಿ ಕೆಟ್ಟದಾಗಿಲ್ಲ ಅಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ, ಅದು ಅವಳಿಗೂ ಗೊತ್ತು, ಬಾಯಿ ಮಾತ್ರ ಕಾಫಿಮೇಜಿನ ಶಿಸ್ತಿನಲ್ಲಿ, ನನ್ನಂಥೋಳು ನಿನಗ್ಯಾಕೋ, ಅವನು ಮತ್ತೆ, ಇಲ್ಲ, ಇದ್ದಿದ್ರೆ ಅಂದೆ, ಅವಳು ಮತ್ತೆ, ಅದೆಲ್ಲ ಆಗೋ ಮಾತಲ್ಲ ಬಿಡು, ಎರಡು ಬೇಡ ಮುಗಿದವು, ಮೂರನೆಯ ಸಲಕ್ಕೆ ಅನ್ನಬೇಕಾದ ಹೂಂ ಅನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾದಳು. ಅವನು ಟೋಪಿ ಹಾಕಿಕೊಂಡು ದಿಬ್ಬ ಇಳಿದು ಹೋದ. ಬಲವಂತ ಮಾಡುವ ಜಾತಿಯವನಲ್ಲ, ಅದಕ್ಕೇ ಅಲ್ಲವೇ ಅವಳಿಗೆ ಅವನು ಅಷ್ಟು ಹಿಡಿಸಿದ್ದು, ಆಮೇಲೆ ಮನೆ ಕಟ್ಟಿದ, ಹಳದಿ ಬಣ್ಣವನ್ನೇ ಹೊಡೆಸಿದ, ಬೋದಿಲ್ ಒಳಗೆ ಬಂದಳು, ಒಳ್ಳೆಯ ಹೆಂಗಸು, ಅವಳ ಮೇಲೆ ಎಬ್ಬಾಳಿಗೆ ಯಾವತ್ತೂ ಮುನಿಸಿರಲಿಲ್ಲ, ಆದರೂ ಆ ಗೋಡೆಯ ಮುಂದೆ ಸೈಕಲ್ಲಿನಲ್ಲಿ ಹೋಗುವಾಗಲೆಲ್ಲ ಬೇಕೆಂದೇ ಎದುರು ಬದಿಯನ್ನು ನೋಡುತ್ತಿದ್ದಳು.

ಎದುರಿಗೆ ತೋರ್ಕಿಲ್ ಏನೋ ಹೇಳುತ್ತಿದ್ದಾನೆ, ಅಡುಗೆಮನೆ ಕಿಟಕಿ ಇದೆಯಲ್ಲ, ಅಲ್ಲಿಗೆ ಬೆಳಗಿನ ಬಿಸಿಲು ನೇರ ಬೀಳತ್ತೆ, ನೋಡೋರು ಇದ್ದಿದ್ರೆ ಅಂತ ಅಷ್ಟೆ. ಎರಡನೆಯ ಸಲ, ದೇವರೇ, ಇದು ಎರಡನೆಯ ಸಲ, ಎಬ್ಬಾಳ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡು, ಈ ವಯಸ್ಸಲ್ಲಿ ಜನ ಏನಂತಾರೆ ತೋರ್ಕಿಲ್, ಅಂದೇಬಿಟ್ಟಿತು, ಹಾಳು ಬಾಯಿ, ಅವನು ತಲೆಯಾಡಿಸುತ್ತಾನೆ, ಹೌದಲ್ವಾ, ಸರಿಯಾದ ಮಾತು, ಬೇಸರವಿಲ್ಲ, ದೂರಿಲ್ಲ, ಎಂಥ ದೊಡ್ಡ ಮನುಷ್ಯ, ಮೊಣಕಾಲ ಮೇಲಿನ ಟೋಪಿಯನ್ನು ಬೆರಳುಗಳು ಹಿಡಿದುಕೊಳ್ಳುತ್ತವೆ, ಅದೇ ಬೆರಳುಗಳು, ಈಗ ಗಂಟುಕಟ್ಟಿವೆ, ಕುರ್ಚಿ ಹಿಂದೆ ಸರಿಯುವ ಸದ್ದು, ಮೂರನೆಯ ಸಲ ಕೇಳುವುದಿಲ್ಲ, ಇವನು ಕೇಳುವವನಲ್ಲ, ಹಾಗಾದ್ರೆ ಉಪ್ಪೂ ಸಿಗಲ್ಲ ಟೀಚರ್, ತಟ್ಟೆ, ತುಂಡು, ಅಮ್ಮ ಮೇಲಿಂದ ನೋಡುತ್ತಿದ್ದರೆ ಕಣ್ಣು ಮುಚ್ಚಿಕೊಳ್ಳಲಿ — ಎಬ್ಬಾ ಕೈಚಾಚಿದಳು, ಮೂರನೆಯ ಸಲಕ್ಕೆ ಕಾಯದೆ, ಯಾರೂ ನೀಡದೆ ಕೊನೆಯ ತುಂಡನ್ನು ಎತ್ತಿ ಇಡಿಯಾಗಿ ಬಾಯಿಗೆ ತುಂಬಿಕೊಂಡಳು, ತುರಿ ಗಲ್ಲದ ಮೇಲೆಲ್ಲ ಉದುರಿತು. ತೋರ್ಕಿಲ್ ಅರ್ಧ ಎದ್ದವನು ಹಾಗೇ ನಿಂತ. ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ, ಮತ್ತೆ ಅವಳನ್ನು. ಮೆಲ್ಲಗೆ ಕೂತ. ಟೋಪಿಯನ್ನು ಮೇಜಿನ ಮೇಲೆ, ಕಾಫಿಯ ಹನಿಯ ಮೇಲೆಯೇ ಇಟ್ಟ, ಅದರ ಪಕ್ಕದಲ್ಲಿ ತಟ್ಟೆ, ಖಾಲಿ ತಟ್ಟೆ.