ನಾಲ್ಕನೇ ಹೆಜ್ಜೆ

ನಾನು ಒಂದು ಗ್ರಾಮಫೋನ್ ತಟ್ಟೆ. ಅರಗಿನ ಮೈ, ಕಾಡಿಗೆ ಬಣ್ಣ, ನಡುವೆ ಒಂದು ತೂತು. ಹಾಡುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಸುಳ್ಳಂತೂ ಬರುವುದೇ ಇಲ್ಲ. ನನ್ನ ಮೈಮೇಲೆ ಏನು ಕೊರೆದಿದ್ದಾರೋ ಅಷ್ಟನ್ನೇ ಒಪ್ಪಿಸುತ್ತೇನೆ. ಅದಕ್ಕೇ ಮುಂದಿನ ಮಾತು ಹೇಳಲು ನನಗೇ ಭಯ.

ಹುಟ್ಟಿದ್ದು ಅಮೆರಿಕದ ಬೆಟ್ಟಸೀಮೆಯಲ್ಲಿ, ಕಲ್ಲಿದ್ದಲು ಅಗೆಯುವ ಒಂದು ಊರಲ್ಲಿ. ಆ ಕಡೆಯವರು ಬ್ಲೂಗ್ರಾಸ್ ಎನ್ನುವ ಸಂಗೀತ ನನ್ನದು. ಐವರು ಅಣ್ಣತಮ್ಮಂದಿರ ಮೇಳ, ಐವರಿಗೂ ಒಂದೇ ಮೈಕು. ಸರದಿ ಬಂದವನು ಮುಂದೆ ಬರಬೇಕು, ಉಳಿದವರು ಹಿಂದೆ ಸರಿದು ಜಾಗ ಬಿಡಬೇಕು. ಇದು ಅವರಿಗೆ ಉಸಿರಾಟದಷ್ಟೇ ರೂಢಿ. ನನ್ನನ್ನು ಕೊರೆಯುವುದಕ್ಕೆ ಒಂದು ವಾರ ಮುಂಚೆ ಪಿಟೀಲು ನುಡಿಸುವ ಕಿರಿಯ ತಮ್ಮ ಗಣಿಯಲ್ಲಿ ಸತ್ತಿದ್ದ. ನಾಲ್ವರೇ ಹಾಡಲು ನಿಂತರು. ಪಿಟೀಲಿನ ಸರದಿ ಬಂದಾಗ ರೂಢಿಯ ಮೇಲೆ ನಾಲ್ವರೂ ಹಿಂದೆ ಸರಿದುಬಿಟ್ಟರು. ಮೈಕಿನ ಮುಂದೆ ಯಾರೂ ಇಲ್ಲ. ದೂರದಲ್ಲಿ ಗಿಟಾರೊಂದು ಸಣ್ಣಗೆ ತಾಳ ಹಿಡಿದಿತ್ತು. ಆಗ ಮರದ ನೆಲದ ಮೇಲೆ ಬೂಟಿನ ಮೂರು ಹೆಜ್ಜೆ ಹತ್ತಿರ ಬಂದು ನಿಂತವು. ನಾಲ್ವರಲ್ಲಿ ಒಬ್ಬರೂ ಕದಲಿರಲಿಲ್ಲ. ಕೊರೆಯುವವನು ಇನ್ನೊಂದು ಸಲ ಹಾಡಿ ಎಂದ. ಹಿರಿಯಣ್ಣ ಒಪ್ಪಲಿಲ್ಲ.

ಹೀಗೆ ಮೂರು ಹೆಜ್ಜೆ ಹೊತ್ತು ಹಡಗು ಹತ್ತಿದೆ. ಯಾವನೋ ಗಣಿ ಅಧಿಕಾರಿಯ ಪೆಟ್ಟಿಗೆಯಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದೆ. ಆತ ಊರಿಗೆ ಹೊರಟಾಗ ಗ್ರಾಮಫೋನ್ ಸಮೇತ ನನ್ನನ್ನು ಸಂಪಂಗಿಗೆ ಕೊಟ್ಟ. ಸಂಪಂಗಿ ಸುರಂಗದ ಕೆಲಸಗಾರ, ಭಜನೆ ಮಂಡಳಿಯಲ್ಲಿ ಪಿಟೀಲು ನುಡಿಸುವವನು. ಹಳೇ ಏಟಿನಿಂದ ಎಡಗಾಲು ಎಳೆಯುತ್ತಾ ನಡೆಯುತ್ತಿದ್ದ.

ಗಣಿ ಕೆಲಸಗಾರರ ಸಾಲಿನ ತಗಡು ಸೂರಿನ ಲೈನು ಮನೆಯಲ್ಲಿ ನಾನು ಮೊದಲು ಹಾಡಿದ ದಿನ ಅವನ ಹೆಂಡತಿ ಮುನಿರತ್ನಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

"ಇದೇನ್ರೀ, ಕೋಳಿಗಳು ಜಗಳ ಆಡ್ದಂಗೈತೆ."

ನನಗೆ ಮೈಯೆಲ್ಲ ಉರಿಯಿತು. ಸಂಪಂಗಿ ಮಾತ್ರ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗಿಟ್ಟ.

"ಹಂಗನ್ಬೇಡ ರತ್ನಿ. ಕಣ್ಮುಚ್ಕೊಂಡು ಕೇಳು. ಯಾರು ಹತ್ರ ಬಂದ್ರು, ಯಾರು ದೂರ ಹೋದ್ರು, ಅದನ್ನ ಕೇಳು. ಒಬ್ಬರಿಗೊಬ್ರು ಜಾಗ ಬಿಟ್ಕೊಡೋದೇ ಇವರ ಸಂಗೀತ."

ಅವಳು ಕೇಳಿದಳು. ಮೂರನೇ ಸಲ ಕಣ್ಣು ಬಿಟ್ಟು, "ಇಲ್ಲಿ ಯಾರೋ ಬಂದು ಸುಮ್ನೆ ನಿಂತವ್ರೆ" ಎಂದಳು. ಸಾಮಾನ್ಯದ ಕಿವಿಯಲ್ಲ ಅದು. ಅಂದಿನಿಂದ ಭಾನುವಾರ ಭಾನುವಾರ ಆ ಖಾಲಿ ಜಾಗಕ್ಕೆ ಸಂಪಂಗಿ ತನ್ನ ಪಿಟೀಲು ಹಿಡಿದು ನುಗ್ಗುತ್ತಿದ್ದ. ಸತ್ತವನ ಜಾಗ ಅದು ಎಂದು ಅವನಿಗೆ ಹೇಳುವವರು ಯಾರು? ನನಗೆ ಬಾಯಿ ಇದ್ದರೂ ಮಾತಿಲ್ಲ.

ಒಂದು ಮಧ್ಯಾಹ್ನ ಸುರಂಗದಲ್ಲಿ ಬಂಡೆ ಸಿಡಿಯಿತು. ಒಳಗೆ ಹೋಗುವ ದಾರಿಯೇ ಉಳಿಯಲಿಲ್ಲ. ಆ ಭಾಗಕ್ಕೆ ಗೋಡೆ ಕಟ್ಟಿದರು. ಸಂಪಂಗಿ ಗೋಡೆಯ ಆಚೆ ಉಳಿದ.

ಹನ್ನೊಂದನೇ ದಿನ ಅವನ ತಂಗಿ ಪುಟ್ಟಚನ್ನಮ್ಮ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದಳು. ಅತ್ತಿಗೆಯ ಬಳೆ, ಕುಂಕುಮ, ಕಾಲುಂಗುರ ತೆಗೆಯಬೇಕಿತ್ತು. ಮುನಿರತ್ನಮ್ಮ ಕಾಲು ಮಡಿಚಿ ಸೀರೆಯೊಳಗೆ ಮುಚ್ಚಿಕೊಂಡಳು.

"ಹೆಣ ತಂದು ತೋರ್ಸಿ, ನಾನೇ ತೆಗೀತೀನಿ. ಕಾಣ್ದೆ ಇದ್ದೋರ್ಗೆ ನಾನು ವಿಧವೆ ಆಗಲ್ಲ."

"ಜನ ಏನಂತಾರೆ ಅತ್ತಿಗೆ?"

"ಜನ ಇಳಿದು ಹುಡುಕ್ಲಿ."

ಅವರು ಬೈದುಕೊಂಡು ಹೋದರು. ಅವಳು ಬಾಗಿಲು ಹಾಕಿ, ನನ್ನನ್ನು ಗ್ರಾಮಫೋನಿಗೇರಿಸಿ ಕೀಲಿ ಕೊಟ್ಟಳು. ಖಾಲಿ ಜಾಗ ಬಂತು. ಒಂದು, ಎರಡು, ಮೂರು ಬೂಟಿನ ಹೆಜ್ಜೆ. ಆಮೇಲೆ ನಾಲ್ಕನೆಯದು. ಎಳೆದುಕೊಂಡು ಇಟ್ಟ ಹೆಜ್ಜೆ. ನನಗೆ ಕೊರೆದದ್ದು ಮೂರೇ, ಆಣೆ ಮಾಡಿ ಹೇಳುತ್ತೇನೆ. ಆದರೂ ನಾಲ್ಕನೆಯದು ನನ್ನ ಮೈಯಿಂದಲೇ ಬಂತು.

"ಬಂದ್ರಾ?" ಎಂದಳು ಮುನಿರತ್ನಮ್ಮ.

ದಿನವೂ ಹಾಕತೊಡಗಿದಳು. ಗ್ರಾಮಫೋನ್ ರಿಪೇರಿಯವನು ನನ್ನನ್ನು ನೋಡಿ, ಹೀಗೇ ಹಾಕಿದರೆ ಗೀರು ಸವೆದು ಏನೂ ಕೇಳಿಸುವುದಿಲ್ಲ ಎಂದ. ಅಂದಿನಿಂದ ವರ್ಷಕ್ಕೆ ಒಂದೇ ಸಲ, ಬಂಡೆ ಸಿಡಿದ ದಿನ, ಮಧ್ಯಾಹ್ನ. ಆ ನಾಲ್ಕು ಹೆಜ್ಜೆಗಾಗಿ ವರ್ಷಪೂರ್ತಿ ಕಾಯುವಳು. ಕಾಲುಂಗುರ ಹಾಕಿಕೊಂಡೇ ಮುದುಕಿಯಾದಳು. ಮದುವೆಮನೆಗಳಲ್ಲಿ ಅವಳಿಗೆ ಕುಂಕುಮ ಕೊಡುವುದೋ ಬೇಡವೋ ಎಂದು ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದರಂತೆ. ಹೋಗುವುದನ್ನೇ ಬಿಟ್ಟಳು.

ಕಡೆಗೆ ಗಣಿಯೇ ಮುಚ್ಚಿತು. ಪಂಪು ನಿಲ್ಲಿಸಿದರು, ಸುರಂಗಕ್ಕೆಲ್ಲ ನೀರು ತುಂಬಿತು. ಆ ವರ್ಷವೂ ಬಂಡೆ ಸಿಡಿದ ದಿನ ಬಂತು. ಮೂರು ಹೆಜ್ಜೆ ಒಣಗಿದ್ದವು. ನಾಲ್ಕನೆಯದು ಚಪ್ ಎಂದು ಒದ್ದೆಯಾಗಿ ಬಿತ್ತು. ಮುನಿರತ್ನಮ್ಮ, "ಅಯ್ಯೋ, ಕಾಲೆಲ್ಲ ನೆನೆದೋಯ್ತಲ್ಲ" ಎನ್ನುತ್ತಾ ಎದ್ದು ಬಾಗಿಲಲ್ಲಿ ಒಂದು ಗೋಣಿತಾಟು ಹಾಸಿದಳು. ಅಂದಿನಿಂದ ಅದು ಅಲ್ಲೇ ಇತ್ತು.

ಅವಳು ಸತ್ತದ್ದು ಒಂದು ಬೆಳಿಗ್ಗೆ, ಹಾಲು ಕಾಯಿಸುತ್ತಿರುವಾಗ. ಎಷ್ಟೋ ದಿನದಿಂದ ಪುಟ್ಟಚನ್ನಮ್ಮನ ಹತ್ತಿರ ಒಂದೇ ಮಾತು ಕೇಳಿಕೊಂಡಿದ್ದಳು: ನನ್ನನ್ನ ಕಾಲುಂಗುರದ ಜೊತೆಗೇ ಕಳಿಸು ಅಂತ. ನಾದಿನಿ ಹೂಂ ಅಂದಿದ್ದಳು. ಆದರೆ ಅಂದು ಅಂಗಳದಲ್ಲಿ ಜನ ಸೇರಿದಾಗ ಅವಳಿಗೆ ಧೈರ್ಯ ಸಾಲಲಿಲ್ಲ. ಸೋಪು ಹಚ್ಚಿ ಉಂಗುರ ತೆಗೆದಳು. ತಗಡಿನ ಡಬ್ಬಿಯಲ್ಲಿ ಹಾಕಿ ನನ್ನ ಪಕ್ಕದಲ್ಲೇ ಇಟ್ಟಳು. ನನಗೆ ಅವಳ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಲೈನು ಮನೆಗೆ ಈಗ ಪುಟ್ಟಚನ್ನಮ್ಮನೇ ಬಂದು ಸೇರಿದ್ದಾಳೆ. ಬಂಡೆ ಸಿಡಿದ ದಿನ ಮತ್ತೆ ಬಂದಾಗ ಸುಮ್ಮನಿರಲಾಗಲಿಲ್ಲವೋ ಏನೋ, ನನ್ನ ಧೂಳು ಒರೆಸಿ ಕೀಲಿ ಕೊಟ್ಟಳು. ಹಾಡು ಹೆಚ್ಚುಕಡಿಮೆ ಸವೆದುಹೋಗಿತ್ತು. ಬರೀ ಗರಗರ ಸದ್ದು. ಖಾಲಿ ಜಾಗ ಮಾತ್ರ ಸ್ವಚ್ಛವಾಗಿತ್ತು. ಮೂರು ಬೂಟಿನ ಹೆಜ್ಜೆ. ಎಳೆದುಕೊಂಡು ಬಂದ ಒದ್ದೆ ಹೆಜ್ಜೆ. ಅದರ ಹಿಂದೆಯೇ, ನೆಲಕ್ಕೆ ಬೆಳ್ಳಿ ತಾಗಿದ ಸದ್ದು. ಟಿಣ್.

ಪುಟ್ಟಚನ್ನಮ್ಮ ಡಬ್ಬಿ ತೆರೆದಳು. ಕಾಲುಂಗುರಗಳು ಅಲ್ಲೇ ಇದ್ದವು. ಮುಟ್ಟಿ ನೋಡಿದಳು. ಒದ್ದೆಯಾಗಿದ್ದವು.

"ತಪ್ಪಾಯ್ತು ಅತ್ತಿಗೆ," ಎಂದು ಬಹಳ ಹೊತ್ತು ಅತ್ತಳು.

ಅದೇ ಕಡೆಯ ಸಲ. ಗ್ರಾಮಫೋನಿನ ಸ್ಪ್ರಿಂಗು ಮುರಿದಿದೆ, ನಾನು ಅಟ್ಟದ ಮೂಲೆಯಲ್ಲಿ ಒರಗಿದ್ದೇನೆ. ನನ್ನದು ಬರೀ ಹಾಡು ಎಂದುಕೊಂಡಿದ್ದೆ. ಜಾಗ ಬಿಟ್ಟುಕೊಟ್ಟರೆ ಯಾರು ಬೇಕಾದರೂ ಬಂದು ನಿಲ್ಲುತ್ತಾರೆ ಎಂದು ತಿಳಿಯಲು ಇಡೀ ಆಯಸ್ಸು ಬೇಕಾಯಿತು. ಇಲ್ಲಿಂದ ಬಾಗಿಲು ಕಾಣುತ್ತದೆ. ಪುಟ್ಟಚನ್ನಮ್ಮ ದಿನಾ ಬೆಳಿಗ್ಗೆ ಗೋಣಿತಾಟು ಹಿಂಡಿ ಬಿಸಿಲಿಗೆ ಹಾಕುತ್ತಾಳೆ, ಸಂಜೆಗೆ ಮತ್ತೆ ಹಾಸುತ್ತಾಳೆ. ಈಗ ಎರಡು ಹಾಸುತ್ತಾಳೆ.