ಕನ್ನಡಕ್ಕೆ ಪ್ರವೇಶವಿಲ್ಲದ ಜರ್ಮನ್ ಕ್ಲಾಸು

ಠಾಣೆ ನಗರದ ಆ ಜರ್ಮನ್ ಕ್ಲಾಸಿನ ಗೋಡೆಯ ಮೇಲೆ 2016ರ ಜೂನ್‌ನಲ್ಲಿ ಹೊಸ ಬೋರ್ಡು ಬಂತು: ಇಲ್ಲಿ ಜರ್ಮನ್ ಮಾತ್ರ. ಬೋರ್ಡಿನ ಮೇಲೊಂದು ಕ್ಯಾಮೆರಾ. ಮಾಲೀಕ ಮಯೂರ್ ಪುಣೆಯಲ್ಲಿ ಒಂದು ವಾರದ ತರಬೇತಿ ಮುಗಿಸಿ ಬಂದವನೇ ಹೊಸ ಪದ್ಧತಿ, ಹೊಸ ಪದ್ಧತಿ ಎಂದು ಕುಣಿದಾಡಿದ್ದ. ಮಗು ತಾಯಿಯಿಂದ ಕಲಿಯುವ ಹಾಗೆ ಭಾಷೆ ಕಲಿಯಬೇಕಂತೆ, ಅನುವಾದ ಕೂಡದಂತೆ. ಮಗುವಿಗೆ ಅದಕ್ಕೆ ಮೂರು ವರ್ಷ ಹಿಡಿಯುತ್ತದೆ, ಇಲ್ಲಿಗೆ ಬರುವ ನರ್ಸುಗಳಿಗೆ ಇರುವುದು ಆರೇ ತಿಂಗಳು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಟೀಚರ್ ಲೋಲಾಕ್ಷಿಗೆ ಮೈಯೆಲ್ಲ ಉರಿಯಿತು. ಹಾಗೆಂದು ಆಕೆಗೆ ಹಳೆಯ ಪದ್ಧತಿಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳು ಜರ್ಮನ್ ಕಲಿತದ್ದು ವ್ಯಾಕರಣದ ಕೋಷ್ಟಕ ಬಾಯಿಪಾಠ ಮಾಡಿ. ಪರೀಕ್ಷೆಯಲ್ಲಿ ಮೊದಲಿಗಳು. ಆದರೆ ಮೊದಲ ಕೆಲಸದಲ್ಲಿ ಜರ್ಮನಿಯಿಂದ ಬಂದ ಎಂಜಿನಿಯರ್ ಒಬ್ಬ ನೀರು ಕೇಳಿದಾಗ ಬಾಯಿ ಬಿಡಲಾಗದೆ ಬೆವೆತಿದ್ದಳು. ಅಂದೇ ಆ ಕೋಷ್ಟಕಗಳಿಗೆ ಕೈಮುಗಿದಿದ್ದಳು. ಆಮೇಲೆ ಕ್ಲಾಸುಗಳಿಗೆ ಟೇಪ್ ರೆಕಾರ್ಡರ್ ಬಂತು, ಒಂದೇ ವಾಕ್ಯವನ್ನು ಐವತ್ತು ಸಲ ಹೇಳಿಸುವ ಕಾಲ. ಅದೂ ಹೋಯಿತು. ಪದ್ಧತಿಗಳು ಬಂದು ಹೋಗುತ್ತವೆ, ಕಲಿಯುವವರ ಬಾಯಿ ಮುಚ್ಚಿಸುವ ಚಾಳಿ ಮಾತ್ರ ಹೋಗುವುದಿಲ್ಲ ಎಂದು ಅವಳ ಸಿಟ್ಟು.

ಈ ಸಲ ಬಾಯಿ ಮುಚ್ಚಿದ್ದು ಸಾಬವ್ವನದು. ಗದಗಿನ ಕಡೆಯವಳು, ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷದಿಂದ ನರ್ಸು. ಜರ್ಮನಿಯ ವೃದ್ಧಾಶ್ರಮದ ಕೆಲಸಕ್ಕೆಂದು ಕ್ಲಾಸಿಗೆ ಸೇರಿ ಎರಡು ತಿಂಗಳಾದರೂ ಕಲ್ಲಿನಂತೆ ಕೂತಿರುತ್ತಿದ್ದಳು. ಮಯೂರ್ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದ.

ಅದೇ ಸಾಬವ್ವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಬೇರೆಯೇ ಹೆಂಗಸು. ಒಂದು ಬೆಳಿಗ್ಗೆ ಲೋಲಾಕ್ಷಿ ಡೊಂಬಿವಲಿಯಲ್ಲಿ ಹತ್ತಿದಾಗ, ಮೂವರು ಕೂರುವ ಬೆಂಚಿನ ಅಂಚಿನ ನಾಲ್ಕನೇ ಸೀಟಿಗಾಗಿ ಮೂವರ ಜೊತೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಜಗಳವಾಡಿ ಗೆದ್ದು ಕೂತಿದ್ದಳು.

"ಎಂತ ಮಾರಾಯ್ತಿ, ಇಷ್ಟು ಮಾತು ಕ್ಲಾಸಿನಲ್ಲಿ ಎಲ್ಲಿ ಹೋಗ್ತದೆ?" ಎಂದಳು ಲೋಲಾಕ್ಷಿ.

"ಅಲ್ಲಿ ಬಂದ್ರ ಬಾಯಿಗಿ ಬೀಗ ಹಾಕಿದಂಗ ಆಗ್ತೈತ್ರಿ ಮೇಡಂ. ಏನ್ ಹೇಳಬೇಕಂತ ಗೊತ್ತಿರತೈತಿ. ಆದ್ರ ಅದು ಕನ್ನಡದಾಗ ಗೊತ್ತಿರತೈತಿ."

ಅಂದಿನಿಂದ ಡೊಂಬಿವಲಿ–ಠಾಣೆ ನಡುವೆ ಪಾಠ ಶುರುವಾಯಿತು. ಸಾಬವ್ವ ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಮನಸಾರೆ ಹೇಳುವುದು, ಲೋಲಾಕ್ಷಿ ಅದನ್ನು ತುಂಡುತುಂಡಾಗಿ ಜರ್ಮನ್ನಿಗೆ ತಿರುಗಿಸಿ ಕೊಡುವುದು, ಸಾಬವ್ವ ಅದನ್ನು ತನ್ನ ಮಾತಾಗಿ ಮತ್ತೆ ಹೇಳುವುದು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸರೂ ಒಂದೆರಡು ಪದ ಕಲಿತರು.

ಲೋಲಾಕ್ಷಿ ಇದನ್ನು ಕ್ಲಾಸಿಗೂ ತಂದಳು. ಎರಡೇ ದಿನದಲ್ಲಿ ಕ್ಯಾಮೆರಾ ನೋಡಿ ಮಯೂರ್ ಕರೆಸಿಕೊಂಡ. ಠಾಣೆಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ.

"ಮೇಡಂ, ಕ್ಲಾಸ್ ಮೇ ಸಿರ್ಫ್ ಜರ್ಮನ್. ಫಿರ್ ಸೇ ಕನ್ನಡ ಸುನಾ ತೋ ಆಪ್ ಬಾಹರ್."

"ಅವಳು ಬಾಯಿ ಬಿಟ್ಟಿದ್ದಾಳೆ ಮಯೂರ್. ಅದು ಕ್ಯಾಮೆರಾದಲ್ಲಿ ಕಾಣ್ಲಿಲ್ವಾ?"

"ಶುಕ್ರವಾರ್ ಕೋ ಗೆಸ್ಟ್ ಹೈ. ಸಾಬವ್ವ ನಹೀ ಬೋಲೀ ತೋ ಬ್ಯಾಚ್ ಸೇ ಔಟ್."

ಶುಕ್ರವಾರ ಅತಿಥಿಯೆದುರು ಬಾಯಿ ಬಿಡದಿದ್ದರೆ ಸಾಬವ್ವ ಹೊರಗೆ, ಕ್ಲಾಸಿನಲ್ಲಿ ಕನ್ನಡ ಆಡಿದರೆ ಲೋಲಾಕ್ಷಿ ಹೊರಗೆ. ಮಗಳ ಕಾಲೇಜು ಇನ್ನೂ ಎರಡು ವರ್ಷವಿತ್ತು. ಕೆಲಸ ಹೋದರೆ ಏನೆಂದು ಅವಳಿಗೂ ಭಯವಿತ್ತು.

ಶುಕ್ರವಾರ ಜರ್ಮನಿಯ ವೃದ್ಧಾಶ್ರಮವೊಂದರ ಮೇಲ್ವಿಚಾರಕಿ ಬಂದು ಮುಂದೆ ಕೂತಳು. ಮಯೂರ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಪುಸ್ತಕದ ಸಂಭಾಷಣೆಗಳು ನೀರು ಕುಡಿದಂತೆ ಮುಗಿದವು. ಆಮೇಲೆ ಅತಿಥಿ ಪುಸ್ತಕ ಮುಚ್ಚಿ ಸಾಬವ್ವನನ್ನು ನೇರವಾಗಿ ಕೇಳಿದಳು: ಮುದುಕರೊಬ್ಬರು ಊಟ ಮುಟ್ಟುತ್ತಿಲ್ಲ, ನೀನು ಏನು ಮಾಡುತ್ತೀ?

ಸಾಬವ್ವ ಎದ್ದು ನಿಂತಳು. ಬೆವರಿದಳು. ಮಯೂರ್ ಕೈಯಲ್ಲಿದ್ದ ಹೆಸರುಗಳ ಪಟ್ಟಿಯ ಮೇಲೆ ಪೆನ್ನು ಊರಿದ. ಪ್ರಶ್ನೆ ಅವಳಿಗೆ ಅರ್ಥವಾಗಿದೆ ಎಂದು ಲೋಲಾಕ್ಷಿಗೆ ಅವಳ ಕಣ್ಣಲ್ಲೇ ಕಾಣಿಸಿತು. ಇನ್ನು ಸುಮ್ಮನಿದ್ದರೆ ತನ್ನಂಥ ಹೇಡಿ ಇನ್ನೊಬ್ಬಳಿಲ್ಲ ಅನ್ನಿಸಿತು.

"ಸಾಬವ್ವ," ಎಂದಳು ಲೋಲಾಕ್ಷಿ, ಕ್ಯಾಮೆರಾಕ್ಕೂ ಕೇಳುವಷ್ಟು ಗಟ್ಟಿಯಾಗಿ, ಅಚ್ಚ ಕನ್ನಡದಲ್ಲಿ. "ಮೊದಲು ನಿಮ್ಮ ಭಾಷೆಯಲ್ಲೇ ಹೇಳಿ. ಪೂರ್ತಿ ಹೇಳಿ."

ಸಾಬವ್ವನ ಬಾಯಿ ಬಿಚ್ಚಿತು. "ಮೊದ್ಲ ತಾಟು ತಗದು ಬಾಜೂಕ ಇಡ್ತೀನ್ರಿ. ಅವರ ಹಂತ್ಯಾಕ ಕುಂದರ್ತೀನಿ. ಯಾರ ನೆನಪಾಗೈತಿ ಅಜ್ಜ ಅಂತ ಕೇಳ್ತೀನಿ. ಹಸಿವಿಲ್ಲದವ್ರು ಭಾಳ ಕಡಿಮಿ ರೀ. ಒಬ್ರ ಕುಂತು ಉಣ್ಣಾಕ ಆಗದವ್ರ ಜಾಸ್ತಿ. ನಮ್ಮ ವಾರ್ಡಿನಾಗ ಒಬ್ಬ ಅಜ್ಜ ಇದ್ದ..."

"ಮೇಡಂ, ಬಾಹರ್!" ಎಂದ ಮಯೂರ್, ಬಾಗಿಲು ತೋರಿಸಿ.

ಲೋಲಾಕ್ಷಿ ಕದಲಲಿಲ್ಲ. ಕೈಕಟ್ಟಿ ಗೋಡೆಗೆ ಒರಗಿದಳು. ಸಾಬವ್ವ ಉಸಿರೆಳೆದುಕೊಂಡು ಅತಿಥಿಯ ಮುಖ ನೋಡಿ ಜರ್ಮನ್ನಿನಲ್ಲಿ ಶುರು ಮಾಡಿದಳು. ತಾಟು ಪಕ್ಕಕ್ಕೆ. ನಾನು ಕೂರುವುದು. ನಾನು ಕೇಳುವುದು, ಯಾರ ನೆನಪು. ಹಸಿವು ಇದೆ, ಜೊತೆ ಇಲ್ಲ. ವ್ಯಾಕರಣ ಅಲ್ಲಲ್ಲಿ ಮುರಿದು ಬೀಳುತ್ತಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ಅತಿಥಿ ಕುರ್ಚಿಯನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಮಯೂರನಿಗೆ ಅವಮಾನವಾಗಿ ಮುಖ ಕೆಂಪೇರಿತ್ತು. ತಾನೇ ಬರೆಸಿದ ಬೋರ್ಡಿನ ಕೆಳಗೆ ಬಂದು ನಿಂತು ಹಿಂದಿಯಲ್ಲಿ ಗದರಿದ: "ಬಸ್ ಸಾಬವ್ವ, ಬೈಠ್ ಜಾವೋ."

ಸಾಬವ್ವ ನಿಧಾನಕ್ಕೆ ಅವನ ಕಡೆ ತಿರುಗಿದಳು.

"ನೈನ್," ಎಂದಳು. "ಇಶ್ ಬಿನ್ ನೊಖ್ ನಿಶ್ಟ್ ಫೆರ್ಟಿಶ್."

ಇಲ್ಲ, ನನ್ನ ಮಾತು ಇನ್ನೂ ಮುಗಿದಿಲ್ಲ. ಹಾಗೆಂದು ಮತ್ತೆ ಅತಿಥಿಯ ಕಡೆಗೆ ತಿರುಗಿ, ವಾರ್ಡಿನ ಆ ಅಜ್ಜ ಕೊನೆಗೆ ಎಷ್ಟು ತುತ್ತು ಉಂಡ ಎಂಬುದನ್ನು ಜರ್ಮನ್ನಿನಲ್ಲೇ ಹೇಳತೊಡಗಿದಳು.