ಪಟ್ಟಿಯಲ್ಲಿರದ ಏಣಿ

ಏಳು — ಏಳನೆಯದೂ ದಾಟಿತು, ಪರದೆಯ ಮೇಲೆ ಸಾಲುಗಳು ಇರುವೆ ಹತ್ತಿದ ಹಾಗೆ ಮೇಲಕ್ಕೆ ಮೇಲಕ್ಕೆ ಸರಿಯುತ್ತಿವೆ, ಪಕ್ಕದಲ್ಲಿ ಟೆಸ್ಟರ್, ಅವಳ ಕೆಲಸದಲ್ಲಿ ತಪ್ಪು ಹುಡುಕುವವನು, ಬಿಸ್ಕತ್ತು ಕಡಿಯುವ ಸದ್ದು, ಇಂಥ ಹೊತ್ತಲ್ಲೂ ಈ ಮನುಷ್ಯನಿಗೆ ಹಸಿವಾಗುತ್ತದಲ್ಲ, ಹೊಟ್ಟೆಯೋ ಉಗ್ರಾಣವೋ, ಎಂದುಕೊಂಡಳು, ಮೆಷಿನ್, ಅಂದರೆ ಈ ಕಂಪ್ಯೂಟರು, ಅವನದು, ನಿನ್ನೆಯಷ್ಟೇ ಡಬ್ಬಿಯಿಂದ ತೆಗೆದ ಹೊಚ್ಚ ಹೊಸತು, ಅದರೊಳಗೆ ಅವಳ ಸಾಫ್ಟ್‌ವೇರಿನ ಹತ್ತೊಂಬತ್ತು ತುಂಡುಗಳು, ಆ ಮಾಡ್ಯೂಲ್‌ಗಳಷ್ಟೂ, ಒಂದಾದ ಮೇಲೊಂದು ಬಿಲ್ಡ್ ಆಗಬೇಕು, ಬರೆದ ಕೋಡು ಓಡುವ ಪ್ರೋಗ್ರಾಮಾಗಿ ಕೂಡಿಕೊಳ್ಳಬೇಕು, ಹನ್ನೆರಡು ಗಂಟೆಯೊಳಗೆ, ಈಗ ಹನ್ನೊಂದೂ ಐವತ್ತು. ಹನ್ನೆರಡಕ್ಕೆ ಗಡಿಯಾರ ಬರುತ್ತಾನೆ, ಗಡಿಯಾರ ಎಂದರೆ ಬಾಸ್, ಬೆನ್ನ ಹಿಂದೆ ಎಲ್ಲರೂ ಕರೆಯುವುದೇ ಹಾಗೆ, ನಾಳೆ ಹನ್ನೆರಡರೊಳಗೆ ಹೊಸ ಮೆಷಿನ್ನಲ್ಲಿ ಬಿಲ್ಡ್ ಆಗ್ಲಿಲ್ಲ ಅಂದ್ರೆ ಎಲ್ಲಾನೂ ವಾಪಸ್ ಒಂದೇ ಗಂಟು ಮಾಡಿಬಿಡೋಣಮ್ಮ, ಎಂದಿದ್ದ ನಿನ್ನೆ, ಅಮ್ಮ ಅಂತ ಬೇರೆ ಸೇರಿಸಿ, ನಯವಾಗಿ ಕತ್ತು ಕೊಯ್ಯುವುದೆಂದರೆ ಇದೇ. ಆರು ತಿಂಗಳ ಕೆಲಸ, ಆ ಗಂಟನ್ನು ಬಿಚ್ಚಿದ್ದೇ ಅವಳು, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ ಎಂದು ಆಂಬುಲೆನ್ಸ್ ಡ್ರೈವರಿಗೆ ತೋರಿಸುವ ಸಾಫ್ಟ್‌ವೇರ್, ಒಂದು ಅಕ್ಷರ ತಿದ್ದಿದರೆ ಇಡೀ ಗಂಟನ್ನು ಮತ್ತೆ ಬಿಲ್ಡ್ ಮಾಡಲು ಐವತ್ತು ನಿಮಿಷ, ಐವತ್ತು! ಅಷ್ಟರಲ್ಲಿ ರೋಗಿಯ ಗತಿ — ಒಂಬತ್ತೂ ದಾಟಿತು. ನಕ್ಷೆ ಬೇರೆ, ಹಾಸಿಗೆ ಬೇರೆ, ಕಾಲದ ಲೆಕ್ಕ ಬೇರೆ, ಹೀಗೆ ಹತ್ತೊಂಬತ್ತು ಮಾಡಿ, ನನಗೆ ಯಾರ್‍ಯಾರು ಬೇಕು ಎಂದು ಒಂದೊಂದಕ್ಕೂ ಒಂದು ಪಟ್ಟಿ ಬರೆದಿದ್ದಳು, ಬಿಲ್ಡ್ ಟೂಲ್ ಆ ಪಟ್ಟಿ ಓದಿಯೇ ಮೊದಲು ಯಾರು ಆಮೇಲೆ ಯಾರು ಎಂದು ತೀರ್ಮಾನಿಸುವುದು, ಪಾಪ, ಬರೆದದ್ದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಪ್ರಾಣಿ.

ನಿನ್ನೆ ಇದೇ ಮೆಷಿನ್ನಲ್ಲಿ ಬಿಲ್ಡ್ ಹನ್ನೆರಡನೆಯದರ ಹತ್ತಿರ ಬಂದು ಧೊಪ್ಪನೆ ಬಿತ್ತು, ಮೂರು ಸಲ, ಮೂರು ಸಲವೂ ನಕ್ಷೆಯ ಮಾಡ್ಯೂಲೇ, ನನ್ನ ಮೆಷಿನ್ನಲ್ಲಿ ಆಗತ್ತೆ ಎಂದಳು ಅವಳು, ನಿಮ್ಮ ಮೆಷಿನ್ನನ್ನೇ ಪ್ಯಾಕ್ ಮಾಡಿ ಆಂಬುಲೆನ್ಸಲ್ಲಿ ಇಟ್ಟು ಕಳಿಸೋಣ್ವಾ ಅಕ್ಕ, ಎಂದ ಟೆಸ್ಟರ್, ನಿನ್ನ ಮೆಷಿನ್ನೇ ಸರಿಯಿಲ್ಲ ಎಂದು ರೇಗಿಬಿಟ್ಟಳು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾಚಿಕೆಯಾಗಬೇಕು. ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು, ಅದೊಂದು ಅವಳ ಭಾಗ್ಯ, ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿತುಂಬ ನೊರೆ ಇಟ್ಟುಕೊಂಡು ಹಾಗೇ ನಿಂತಳು, ಕನ್ನಡಿಯಲ್ಲಿ ಕಂಡದ್ದು ತನ್ನ ಮುಖವಲ್ಲ, ಅಮ್ಮ, ಕೈಯಲ್ಲಿ ಬಲ್ಬು ಹಿಡಿದು ತಲೆಯೆತ್ತಿ ನಿಂತ ಅಮ್ಮ. ಅಪ್ಪನಿಗೆ ವರ್ಗವಾಗಿ ಹೊಸ ಮನೆಗೆ ಸಾಮಾನು ಬಂದಿಳಿದ ಸಂಜೆ, ಸೌಟು ಸಹಿತ ಪಟ್ಟಿ ಮಾಡಿ ಕಟ್ಟಿದ್ದಳು ಅಮ್ಮ, ಒಂದು ಚಮಚ ಕಳೆದಿರಲಿಲ್ಲ, ಎಲ್ಲಾ ಇದೆ, ಏಣಿ ಎಲ್ರೀ, ಎಂದಳು, ಏಣಿನಾ, ಅದು ಪಕ್ಕದ್ಮನೆಯವರದ್ದಲ್ವೇನೇ, ಎಂದ ಅಪ್ಪ. ಹಳೆಯ ಮನೆಯಲ್ಲಿ ಆರು ವರ್ಷ ನಮ್ಮ ಗೋಡೆಗೇ ಒರಗಿತ್ತು, ಯಾರದೆಂದು ಯಾರೂ ಕೇಳಲಿಲ್ಲ, ಇತ್ತು, ಬಳಸಿದೆವು, ಪಟ್ಟಿಗೆ ಮಾತ್ರ ಸೇರಲಿಲ್ಲ — ನೊರೆ ಉಗಿದು ಓಡಿದವಳು ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿಕೊಂಡು ಬೀದಿಯ ತಿರುವಿನವರೆಗೂ ಹೋಗಿದ್ದಳು.

ಅಳಿಸಿದಳು. ಆಫೀಸಿಗೆ ಬಂದು ಬ್ಯಾಗನ್ನೂ ಇಳಿಸದೆ ತನ್ನ ಮೆಷಿನ್ನಿನಲ್ಲಿ ಆರು ತಿಂಗಳಿಂದ ಕೂಡಿಬಿದ್ದಿದ್ದ ಹಳೆಯ ಬಿಲ್ಡ್‌ಗಳ ಫೋಲ್ಡರನ್ನು ಪೂರ್ತಿ ಅಳಿಸಿದಳು, ಅಯ್ಯೋ ಅಕ್ಕ, ಬೇಡ, ಎಂದ ಟೆಸ್ಟರ್, ಮನೆ ಖಾಲಿ ಮಾಡ್ದೆ ಯಾವ್ದು ನಮ್ದು ಯಾವ್ದು ಪಕ್ಕದವರದ್ದು ಅಂತ ಗೊತ್ತಾಗಲ್ಲಪ್ಪ, ಎಂದಳು, ಅವನಿಗೆ ಅರ್ಥವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬಿಲ್ಡ್ ಓಡಿಸಿದಳು, ಬಿತ್ತು, ಅವಳ ಸ್ವಂತ ಮೆಷಿನ್ನಲ್ಲೇ, ಅದೇ ಜಾಗದಲ್ಲೇ, ಬಿದ್ದದ್ದಕ್ಕೆ ಹಾಲು ಕುಡಿದಷ್ಟು ಸಂತೋಷಪಟ್ಟವಳು ಜಗತ್ತಿನಲ್ಲಿ ಅವಳೊಬ್ಬಳೇ ಇರಬೇಕು. ನಕ್ಷೆಗೆ ಕಾಲದ ಲೆಕ್ಕ ಬೇಕಿತ್ತು, ಪಟ್ಟಿಯಲ್ಲಿ ಬರೆದಿರಲಿಲ್ಲ, ಬರೆಯದ ಮೇಲೆ ಬಿಲ್ಡ್ ಟೂಲ್ ಯಾಕೆ ಕಾಯುತ್ತದೆ, ನಕ್ಷೆಯನ್ನು ಮೊದಲು ಕೂರಿಸಿ ಕಾಲವನ್ನು ಆಮೇಲೆ ಕರೆಯುತ್ತಿತ್ತು, ಅವಳ ಮೆಷಿನ್ನಲ್ಲಿ ಕಾಲದ ಲೆಕ್ಕದ ಹಳೆಯ ಬಿಲ್ಡ್ ಒಂದು ಆ ಏಣಿಯ ಹಾಗೆ ಒರಗಿ ನಿಂತಿತ್ತು, ಅಷ್ಟೇ ಕಥೆ. ಒಂದು ಸಾಲು. ನಕ್ಷೆಯ ಪಟ್ಟಿಗೆ ಒಂದೇ ಒಂದು ಸಾಲು ಸೇರಿಸಿದಳು, ಬೆಟ್ಟ ಅಗೆದು ಇಲಿ ಹಿಡಿದಳೆಂದು ನಗುವವರು ನಗಲಿ, ಈ ಇಲಿಯೇ ಅಲ್ಲವೇ ಇಡೀ ಬೆಟ್ಟವನ್ನು ತೂತು ಮಾಡಿದ್ದು — ಹನ್ನೊಂದು, ಕಾಲದ ಲೆಕ್ಕ, ನೋಡು ನೋಡು, ಈಗ ಅದು ಮೊದಲು ಬಂತು, ಟೆಸ್ಟರ್ ಅಗಿಯುವುದನ್ನು ನಿಲ್ಲಿಸಿದ್ದಾನೆ, ಹನ್ನೆರಡು, ನಕ್ಷೆ, ಉಸಿರು, ಕತ್ತಲಾಗುತ್ತಿರುವ ಕೋಣೆಯಲ್ಲಿ ಬಲ್ಬು ಹಿಡಿದ ಅಮ್ಮನ ಕೈ, ಮೇಲೆ ಸಿಗದ ಹೋಲ್ಡರು, ಉಸಿರು, ದಾಟಿತು! ದಾಟಿತು ಅಕ್ಕ, ಎಂದು ಅವನು ಬಿಸ್ಕತ್ತಿನ ಪುಡಿಯನ್ನೆಲ್ಲ ಹೊಸ ಕೀಬೋರ್ಡಿನ ಮೇಲೆ ಉದುರಿಸಿದ, ಉದುರಲಿ, ಹದಿನಾಲ್ಕು, ಹದಿನೇಳು, ಹಾಸಿಗೆ, ಡ್ರೈವರು, ಎಚ್ಚರಿಕೆ ಗಂಟೆ, ಹತ್ತೊಂಬತ್ತು.

ಬಾಗಿಲು ತೆರೆದುಕೊಂಡಿತು, ಗಡಿಯಾರ, ಹನ್ನೆರಡಕ್ಕೆ ಒಂದು ನಿಮಿಷ ಮುಂಚೆಯೇ, ಏನಮ್ಮಾ ಎಂದ, ಅವಳು ಅವನ ಕಣ್ಣೆದುರೇ ಹಾಸಿಗೆಯ ಮಾಡ್ಯೂಲಿನಲ್ಲಿ ಒಂದಕ್ಷರ ತಿದ್ದಿ ಮತ್ತೆ ಓಡಿಸಿದಳು, ಅದೂ ಅದನ್ನು ನಂಬಿದ್ದ ಎರಡೇ ಎರಡೂ ಎದ್ದು ಮತ್ತೆ ಬಿಲ್ಡ್ ಆದವು, ಉಳಿದವು ತಮ್ಮ ಪಾಡಿಗೆ ಮಲಗಿದ್ದವು, ಹನ್ನೊಂದು ಸೆಕೆಂಡು. ಐವತ್ತು ನಿಮಿಷದ ಜಾಗದಲ್ಲಿ ಹನ್ನೊಂದು ಸೆಕೆಂಡು. ಅವನು ಕೈಗಡಿಯಾರ ನೋಡಿದ, ಪರದೆ ನೋಡಿದ, ಬಿಡಿಬಿಡಿಯಾಗೇ ಇರ್ಲಿ, ಇನ್ನು ಗಂಟು ಕಟ್ಟೋ ಮಾತೇ ಬೇಡ, ಎಂದ, ಇನ್ನೇನೇನೋ ಅನ್ನುತ್ತಿದ್ದಾನೆ, ಟೆಸ್ಟರ್ ಚಪ್ಪಾಳೆ ತಟ್ಟುತ್ತಿದ್ದಾನೆ, ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು, ಗೆದ್ದೆ, ನಾನೇ ಗೆದ್ದೆ, ಏನೂ ಇಲ್ಲದ ಮೆಷಿನ್ನಲ್ಲಿ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸಿದೆ, ಕಿವಿಯಲ್ಲಿ ಮಾತ್ರ ಅಮ್ಮನ ದನಿ, ಬಾರೇ ಇಲ್ಲಿ, ಏಣಿ ಇಲ್ದಿದ್ರೆ ಮನೆ ಕತ್ತಲಾಗೇ ಇರ್ಬೇಕಾ, ಹತ್ತು ನನ್ ಹೆಗಲ ಮೇಲೆ, ಒಂಬತ್ತು ವರ್ಷದ ಅವಳು ಹತ್ತುತ್ತಾಳೆ, ಅಮ್ಮನ ಕೈಗಳು ಅವಳ ಕಣಕಾಲನ್ನು ಬಿಗಿಯಾಗಿ ಹಿಡಿದಿವೆ, ನನ್ನ ನೋಡ್ಬೇಡ, ಮೇಲೆ ನೋಡು, ತಿರುಗಿಸುತ್ತಾಳೆ, ಇನ್ನೂ ಒಂದು ಸುತ್ತು, ಆತುರಗಾರ ಅಪ್ಪ ಸ್ವಿಚ್ಚು ಒತ್ತಿಯೇಬಿಟ್ಟಿದ್ದಾನೆ, ಬಲ್ಬು ಅವಳ ಕೈಯೊಳಗೇ ಹೊತ್ತಿಕೊಳ್ಳುತ್ತದೆ, ಬಿಡಲು ಮನಸ್ಸಿಲ್ಲ, ಬೆರಳುಗಳೆಲ್ಲ ಕೆಂಪು, ಕೆಂಪಗೆ, ಒಳಗಿಂದ ಬೆಳಗುತ್ತಿರುವ ಐದು ಬೆರಳು —